ಉಪ್ಪು ನೀರಿನ ಗದ್ದೆ, ಎರಡು ಬಟ್ಟಲು ಭತ್ತ

(ಗೋವಾದ ಫೋಂಡಾದಲ್ಲಿ ಒಂದು ಭಾನುವಾರ ಸಂಜೆ, ಇಲ್ಲಿನ ಕನ್ನಡಿಗರು ಸೇರಿದ್ದ ಕೂಟದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಿದ್ದೇನೆ. ನಾನು ಮಾತಾಡುತ್ತಿರುವಾಗ ಅವು ಕೈಯಿಂದ ಕೈಗೆ ದಾಟುತ್ತಾ ಹಿಂದಿನ ಸಾಲಿನವರೆಗೂ ಹೋಗಲಿ. ಸ್ಟೀಲಿನ ಬಟ್ಟಲಿನಲ್ಲಿರುವುದು ಕೊರ್ಗುಟ್. ಗೋವಾದ ಭತ್ತ. ಮುಟ್ಟಿದರೆ ಉದ್ದ ಮೀಸೆ ಬೆರಳಿಗೆ ಚುಚ್ಚುತ್ತದೆ. ಉಗುರಿನಲ್ಲಿ ಒಂದು ಕಾಳು ಸುಲಿದು ನೋಡಿ, ಒಳಗೆ ಕೆಂಪಕ್ಕಿ. ಹಿತ್ತಾಳೆ ಬಟ್ಟಲಿನಲ್ಲಿರುವುದು ಕಗ್ಗ. ಅದು ನಮ್ಮ ಕುಮಟಾ ಕಡೆಯದು, ಅಘನಾಶಿನಿ ಅಳಿವೆಯ ಗಜನಿಯದು, ಅಂದರೆ ಉಪ್ಪು ನೀರಿಗೆ ಒಡ್ಡು ಹಾಕಿ ಮಾಡಿದ ತಗ್ಗು ಗದ್ದೆಯದು. ಎರಡು ಊರಿನ ನಡುವೆ ಅಂಕೋಲಾ, ಕಾರವಾರ, ಕಾಣಕೋಣ ಎಲ್ಲ ಬರುತ್ತವೆ. ರಾಜ್ಯದ ಗಡಿ ಬರುತ್ತದೆ, ಮಾತು ಬದಲಾಗುತ್ತದೆ. ಭತ್ತ ಮಾಡುವ ಕೆಲಸ ಮಾತ್ರ ಒಂದೇ. ಬೇರೆ ತಳಿ ಸುಟ್ಟುಹೋಗುವ ಉಪ್ಪು ಮಣ್ಣಿನಲ್ಲಿ ಇವು ತೆನೆ ಕೊಡುತ್ತವೆ.

ನಾನು ಹುಟ್ಟಿದ್ದು ಕುಮಟಾ ತಾಲೂಕಿನಲ್ಲಿ. ಮನೆಗೆ ಗಜನಿಯಲ್ಲಿ ಒಂದು ತುಂಡು ಗದ್ದೆ ಇತ್ತು. ಕೆಲಸ ಸಿಕ್ಕಿ ಗೋವಾಕ್ಕೆ ಬಂದೆ. ರೈತರ ಹತ್ತಿರ ಹೋಗಿ ಹೊಸ ಬೀಜ, ಹೊಸ ವಿಧಾನ ತಿಳಿಸುವ ಕೆಲಸ. ಇಲ್ಲಿ ಅಂಥ ಉಪ್ಪು ಗದ್ದೆಗೆ ಖಾಜನ್ ಅನ್ನುತ್ತಾರೆ. ಅದನ್ನು ಮೊದಲ ಸಲ ನೋಡಿದ ದಿನ ಸುಮ್ನೆ ಒಡ್ಡಿನ ಮೇಲೆ ತುಂಬ ಹೊತ್ತು ನಿಂತುಬಿಟ್ಟೆ. ನಮ್ಮೂರೇ ಅಲ್ವಾ ಇದು ಅನಿಸಿತ್ತು. ಖಾಜನ್, ಗಜನಿ. ಹೆಸರು ಕೂಡ ಒಂದೇ ತಾಯಿಯ ಮಕ್ಕಳ ಹಾಗೆ ಕೇಳಿಸುತ್ತದೆ.

ನಾವು ಕುಳಿತಿರುವ ಈ ಫೋಂಡಾಕ್ಕೆ ತೀರಾ ಹತ್ತಿರ ಬಾಂದೋಡೆ ಇದೆ. ದೇವಸ್ಥಾನಕ್ಕೆ ನೀವೆಲ್ಲ ಹೋಗಿರುತ್ತೀರಿ. ಅದೇ ಊರಿನಲ್ಲಿ ಕೊಂಕಣದ ಮೌರ್ಯ ರಾಜ ಅನಿರ್ಜಿತವರ್ಮನ ತಾಮ್ರಪಟ ಸಿಕ್ಕಿದೆ. ಹೆಚ್ಚುಕಡಿಮೆ ಒಂದೂವರೆ ಸಾವಿರ ವರ್ಷ ಹಳೆಯದು. ಅದರಲ್ಲಿ 'ಖಜ್ಜನ' ಎಂಬ ಪದವಿದೆ. ಅಂದರೆ ಆ ಕಾಲಕ್ಕಾಗಲೇ ಜನ ಉಪ್ಪು ನೀರನ್ನು ಹಿಂದಕ್ಕೆ ತಳ್ಳಿ ಗದ್ದೆ ಮಾಡಿಕೊಂಡಿದ್ದರು.

ಹೇಗೆ ಮಾಡಿದರು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಾಗದೆ ಈ ಭತ್ತ ಅರ್ಥವಾಗುವುದಿಲ್ಲ.

ಮಾಂಡೋವಿ, ಝುವಾರಿ ನದಿಗಳಲ್ಲಿ ಸಮುದ್ರದ ಉಬ್ಬರ ಬಹಳ ಒಳಗಿನ ತನಕ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಡದ ತಗ್ಗು ಜಾಗಕ್ಕೆ ಮಣ್ಣಿನ ಒಡ್ಡು ಹಾಕಿದರು. ಹೊಳೆಯ ಕಡೆಗೆ ಚಿರೆಕಲ್ಲು ಕಟ್ಟಿದರು. ಒಡ್ಡಿನ ಒಂದು ಕಡೆ ತೂಬು ಬಿಟ್ಟರು. ಕೊಂಕಣಿಯಲ್ಲಿ ಅದಕ್ಕೆ ಮಾನಸ್ ಅನ್ನುತ್ತಾರೆ. ಮರದ ಬಾಗಿಲು ಇರುತ್ತದೆ. ಹೊಳೆಯಲ್ಲಿ ನೀರು ಏರಿದಾಗ ಆ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಗದ್ದೆಯ ನೀರು ಒಳಗಿನಿಂದ ತಳ್ಳಿದಾಗ ತೆರೆದುಕೊಳ್ಳುತ್ತದೆ. ಕರೆಂಟ್ ಬೇಡ, ಮೋಟಾರ್ ಬೇಡ. ಬಾಗಿಲಿಗೆ ಮತ್ತಿ ಮರ. ನಮ್ಮ ಕಡೆಯೂ ಮತ್ತಿ, ಇಲ್ಲಿಯೂ ಮತ್ತಿ.

ಮಳೆಗಾಲಕ್ಕೆ ಮೊದಲು ಗದ್ದೆಯನ್ನು ಒಣಗಿಸುತ್ತಾರೆ. ಏಪ್ರಿಲ್, ಮೇ ಬಿಸಿಲಿಗೆ ನೆಲ ಬಿರಿಯುತ್ತದೆ, ಉಪ್ಪು ಬೆಳ್ಳಗೆ ಮೇಲೆ ಬರುತ್ತದೆ. ಜೂನ್ ಮಳೆ ಆ ಉಪ್ಪನ್ನು ಕರಗಿಸುತ್ತದೆ. ಇಳಿತದ ಹೊತ್ತಿಗೆ ಅದು ತೂಬಿನಿಂದ ಹೊರಗೆ ಹೋಗುತ್ತದೆ. ಹೀಗೆ ಮಳೆಯೇ ಗದ್ದೆ ತೊಳೆದುಕೊಡುತ್ತದೆ. ಆಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ, ಇಲ್ಲವೇ ಸಸಿ ನೆಡುತ್ತಾರೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದು ಉಪ್ಪು ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನಿನ ಮರಿ, ಸಿಗಡಿ ಬರುತ್ತವೆ. ಕೊಯ್ದು ಉಳಿದ ಕೂಳೆ ಅಲ್ಲೇ ಕೊಳೆಯುತ್ತದೆ, ಅದರ ಆಸರೆಯಲ್ಲಿ ಮೀನು ಬೆಳೆಯುತ್ತದೆ. ಮೀನಿನ ಹಿಕ್ಕೆ, ಹೊಳೆ ತಂದ ಗೋಡು, ಕೊಳೆತ ಹುಲ್ಲು, ಇಷ್ಟೇ ಮುಂದಿನ ಭತ್ತಕ್ಕೆ ಗೊಬ್ಬರ.

ಕಳೆಯ ವಿಷಯ ನನಗೆ ಬಹಳ ಇಷ್ಟ. ಸಿಹಿನೀರಿನ ಕಳೆಗಳು ಬೇಸಿಗೆಯ ಉಪ್ಪಿಗೆ ಸಾಯುತ್ತವೆ. ಉಪ್ಪುನೀರಿನ ಕಳೆಗಳು ಮಳೆಗಾಲದ ಸಿಹಿನೀರಿಗೆ ಸೊರಗುತ್ತವೆ. ಕಳೆನಾಶಕದ ಬಾಟಲಿ ಕಂಡಿರದ ಕಾಲದಲ್ಲಿ ಯಾರೋ ಇದನ್ನು ನೋಡಿ, ಅಳೆದು, ಒಂದು ಪದ್ಧತಿ ಮಾಡಿಟ್ಟರು. ಸಂಶೋಧನೆ ಅಂದರೆ ಇದೂ ಸಂಶೋಧನೆಯೇ.

ಸಾವಯವ ಕೃಷಿ ಅಂದ ಕೂಡಲೇ ನಮ್ಮಲ್ಲಿ ಜೀವಾಮೃತದ ಡ್ರಮ್ಮು, ಎರೆಗೊಬ್ಬರದ ತೊಟ್ಟಿ ನೆನಪಾಗುತ್ತದೆ. ಅವೆಲ್ಲ ಬೇಕು. ಬಯಲುಸೀಮೆಯ ಹೊಲಕ್ಕೆ, ತೋಟಕ್ಕೆ ಅವು ಜೀವ. ಆದರೆ ಖಾಜನ್ ರೈತ ಯಾರೂ ಹೇಳಿಕೊಡುವ ಮೊದಲೇ ಸಾವಯವ ಆಗಿದ್ದ. ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಗದ್ದೆಗೆ ಕೀಟನಾಶಕ ಹೊಡೆದರೆ ಅದು ತೂಬಿಗೇ ಬರುತ್ತದೆ, ಅಲ್ಲಿ ಸಿಗಡಿ ಸಾಯುತ್ತದೆ. ತಪ್ಪಿನ ಫಲ ಅದೇ ವಾರ ಕಣ್ಣಿಗೆ ಕಾಣುತ್ತದೆ.

ಈಗ ಉಪ್ಪಿನ ವಿಜ್ಞಾನ, ಎರಡೇ ಮಾತು. ಮಣ್ಣಿನ ಉಪ್ಪನ್ನು ಅಳೆಯಲು ಒಂದು ಮೀಟರ್ ಇದೆ. ಅದರ ಮಾನದ ಹೆಸರು ಡೆಸಿಸೀಮನ್ಸ್. ಸಮುದ್ರದ ನೀರು ಸುಮಾರು 50 ತೋರಿಸುತ್ತದೆ. ಸಾಮಾನ್ಯ ಭತ್ತಕ್ಕೆ 3 ದಾಟಿದರೆ ಸಾಕು, ಇಳುವರಿ ಇಳಿಯಲು ಶುರು. ಸಸಿ ಇದ್ದಾಗ, ಹೂ ಬಿಡುವಾಗ ಅದು ಜಾಸ್ತಿ ನಾಜೂಕು. ಗಿಡಕ್ಕೆ ಪೊಟ್ಯಾಸಿಯಂ ಬೇಕು, ಉಪ್ಪಿನ ಸೋಡಿಯಂ ಬಂದು ಅದರ ಜಾಗ ಹಿಡಿಯುತ್ತದೆ. ಉಪ್ಪು ತಡೆಯುವ ತಳಿಗಳು ಆ ಸೋಡಿಯಂ ಅನ್ನು ಬೇರಿನ ಹತ್ತಿರವೇ ತಡೆಯುತ್ತವೆ, ಇಲ್ಲವೇ ಹಳೆಯ ಎಲೆಗಳಲ್ಲಿ ಕೂಡಿಹಾಕಿ ಎಳೆ ಎಲೆಯನ್ನು ಉಳಿಸಿಕೊಳ್ಳುತ್ತವೆ. ಮನೆಯ ಹಿರಿಯರು ತಾವು ಕಷ್ಟ ನುಂಗಿ ಮಕ್ಕಳನ್ನು ಕಾಯುವ ಹಾಗೆ.

ಇನ್ನು ನಾನು ಕಲಿತ ಪಾಠಕ್ಕೆ ಬರುತ್ತೇನೆ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆಯಿಂದ ಒಂದು ವರ್ಷ ಜಾಸ್ತಿ ಇಳುವರಿಯ ಬೀಜ ಹಂಚಲು ಹೇಳಿದರು. ಒಳ್ಳೆಯ ಬೀಜವೇ. ಮೇಲುಗದ್ದೆಯಲ್ಲಿ ಚೆನ್ನಾಗಿ ಬಂದಿತ್ತು. ನಾನು ಹೊಳೆದಂಡೆಯ ಒಂದು ವಾಡೆಗೆ, ಅಂದರೆ ಕೇರಿಗೆ, ಚೀಲ ಹೊತ್ತು ಹೋದೆ. ಅಲ್ಲಿ ವಯಸ್ಸಾದ ಒಬ್ಬ ಮಾವ್ಶಿ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ, ಇದ್ದರು. ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. "ಬಾಬ್, ಇದಕ್ಕೆ ನಮ್ಮ ನೀರು ಗೊತ್ತಿದೆಯಾ?" ಅಂತ ಕೇಳಿದರು. ನಾನು ಇಳುವರಿಯ ಲೆಕ್ಕ ಹೇಳಿದೆ. ಅವರು ಬೇಡ ಅನ್ನಲಿಲ್ಲ. ಆದರೆ ಒಡ್ಡಿನ ಪಕ್ಕದ ಎರಡು ಪಟ್ಟಿಯಲ್ಲಿ ತಮ್ಮ ಕೊರ್ಗುಟ್ಟನ್ನೇ ಬಿತ್ತಿದರು.

ಆಗಸ್ಟ್‌ನಲ್ಲಿ ಮಳೆ ಎಂಟು ಹತ್ತು ದಿನ ಬಿಡುವು ಕೊಟ್ಟಿತು. ಅದೇ ಹೊತ್ತಿಗೆ ಅಮಾವಾಸ್ಯೆಯ ದೊಡ್ಡ ಉಬ್ಬರ. ಏಡಿ ತೂತು ಮಾಡಿದ್ದ ಕಡೆ ಒಡ್ಡು ಬಿರುಕು ಬಿಟ್ಟಿತು. ರಾತ್ರಿ ಉಪ್ಪು ನೀರು ನುಗ್ಗಿತು. ನಾನು ಹೋಗಿ ನೋಡುವಷ್ಟರಲ್ಲಿ ನಾನು ಕೊಟ್ಟ ಬೀಜದ ಗದ್ದೆ ತುದಿಯಿಂದ ಕೆಂಚಗಾಗಿತ್ತು. ಎರಡು ವಾರದಲ್ಲಿ ಪೂರ್ತಿ ಹೋಯಿತು. ಮಾವ್ಶಿಯ ಎರಡು ಪಟ್ಟಿ ಹಸಿರಾಗಿ ನಿಂತಿತ್ತು. ಅವರು ನನ್ನನ್ನು ಬೈಯಲಿಲ್ಲ. ಗಂಜಿ ಕೊಟ್ಟರು. ಆ ಮನೆಗೆ ಆ ವರ್ಷ ಆದ ನಷ್ಟ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಅಂದಿನಿಂದ ನಾನು ಯಾವ ಗದ್ದೆಗೆ ಹೋದರೂ ಮೊದಲು ಒಡ್ಡು ನೋಡುತ್ತೇನೆ, ಆಮೇಲೆ ತೂಬು, ಆಮೇಲೆ ಬೀಜದ ಮಾತು.

ಇವತ್ತು ನಾನು ನಿಮ್ಮ ಮುಂದೆ ಹೇಳಬೇಕು ಅಂತ ಬಂದಿರುವುದು ಇದನ್ನೇ. ಬೀಜವನ್ನು ಬೀಜವಾಗಿ ಮಾತ್ರ ಉಳಿಸಲು ಆಗುವುದಿಲ್ಲ. ಅದರ ಒಡ್ಡು, ಅದರ ತೂಬು, ಆ ತೂಬಿನ ಬಾಗಿಲು ಯಾವಾಗ ತೆರೆಯಬೇಕು ಅಂತ ಗೊತ್ತಿರುವ ಜನ, ಇಷ್ಟೂ ಉಳಿದರೆ ಬೀಜ ಉಳಿಯುತ್ತದೆ.

ಸಂಶೋಧಕರು ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಹಳೆ ಗೋವಾದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನವರು ಕೊರ್ಗುಟ್ಟನ್ನು ರೈತರ ಗದ್ದೆಗಳಿಂದಲೇ ತಂದು, ಒಳ್ಳೆಯ ಗಿಡಗಳ ಪೀಳಿಗೆಗಳನ್ನು ಆರಿಸಿ ಬೆಳೆಸಿದರು. ಗೋವಾ ಧಾನ್ 1, ಗೋವಾ ಧಾನ್ 2 ಎಂಬ ತಳಿಗಳು ಹಾಗೆ ಬಂದವು. ಕೊರ್ಗುಟ್‌ಗೆ ಒಂದು ತೊಂದರೆ ಇದೆ. ಎತ್ತರಕ್ಕೆ ಬೆಳೆದು, ಗಾಳಿಗೆ ಮಲಗಿಬಿಡುತ್ತದೆ. ಇಳುವರಿ ಕಡಿಮೆ. ಕೊಯ್ಯುವ ಯಂತ್ರ ಮಲಗಿದ ಪೈರಿಗೆ ಹೊಂದುವುದಿಲ್ಲ. ಈ ಕಷ್ಟಗಳನ್ನು ರೈತರ ಜೊತೆ ಕುಳಿತು ಒಂದೊಂದಾಗಿ ಬಿಡಿಸುವ ಕೆಲಸ ನಿಜವಾದ ಕೆಲಸ. ನನಗೆ ಅದರ ಬಗ್ಗೆ ಬಹಳ ಗೌರವ.

ಕೇರಳದ ಪೊಕ್ಕಾಳಿಯ ಕಥೆ ಇನ್ನೂ ದೊಡ್ಡದು. ಅದೂ ಇಂಥದೇ ಉಪ್ಪು ಗದ್ದೆಯ ಭತ್ತ. ಅದರ ವಂಶವಾಹಿಯಲ್ಲಿ ಉಪ್ಪು ತಡೆಯುವ ಒಂದು ಭಾಗವನ್ನು ವಿಜ್ಞಾನಿಗಳು ಗುರುತಿಸಿ ಅದಕ್ಕೆ ಸಾಲ್ಟಾಲ್ ಅಂತ ಹೆಸರಿಟ್ಟರು. ಏಷ್ಯಾದ ಎಷ್ಟೋ ದೇಶಗಳಲ್ಲಿ ಉಪ್ಪು ತಡೆಯುವ ಹೊಸ ಭತ್ತ ಮಾಡಲು ಅದನ್ನೇ ಬಳಸಿದ್ದಾರೆ. ಹೆಸರೂ ಗೊತ್ತಿಲ್ಲದ ರೈತ ಹೆಂಗಸರು ಶತಮಾನಗಳ ಕಾಲ ತೆನೆ ಆರಿಸಿ ಇಟ್ಟದ್ದರ ಫಲ ಅದು.

ದೆಹಲಿಯ ರಾಷ್ಟ್ರೀಯ ಬೀಜ ಭಂಡಾರದಲ್ಲಿ ಇಂಥ ಬೀಜಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಹತ್ತಾರು ವರ್ಷ ಕೆಡುವುದಿಲ್ಲ. ಅದು ಬೇಕೇ ಬೇಕು. ಆದರೆ ಅಲ್ಲಿ ಬೀಜ ನಿದ್ದೆ ಮಾಡುತ್ತಿರುತ್ತದೆ. ಹೊರಗೆ ಸಮುದ್ರ ಏರುತ್ತಿದೆ, ಮಳೆಯ ರೀತಿ ಬದಲಾಗುತ್ತಿದೆ. ಪ್ರತಿ ವರ್ಷ ಗದ್ದೆಗೆ ಬಿದ್ದ ಬೀಜ ಈ ವರ್ಷದ ಉಪ್ಪನ್ನು ಈ ವರ್ಷವೇ ಕಾಣುತ್ತದೆ. ತಾಳಿಕೊಂಡ ಗಿಡದ ತೆನೆ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಈ ಬದಲಾವಣೆ ಚಳಿಪೆಟ್ಟಿಗೆಯೊಳಗೆ ನಡೆಯುವುದಿಲ್ಲ.

ಹಾಗಾದರೆ ಗದ್ದೆಗಳು ಹೇಗಿವೆ? ಸುಮಾರು 18,000 ಹೆಕ್ಟೇರ್ ಖಾಜನ್ ಗೋವಾದಲ್ಲಿ ಇದೆ ಅಂತ ಹಳೆಯ ಲೆಕ್ಕ. ಚೋಡಣ, ದಿವಾಡಿ ದ್ವೀಪಗಳಿಗೆ ಫೆರಿಯಲ್ಲಿ ಹೋಗುವಾಗ ದಂಡೆ ನೋಡಿ. ಬಹಳ ಕಡೆ ಬಿತ್ತನೆ ನಿಂತು ಹಡಿಲು ಬಿದ್ದಿದೆ. ಹಿಂದೆ ಗಾಂವ್ಕಾರಿ, ಅಂದರೆ ಊರಿನವರು ಕೂಡಿ ಜಮೀನು ನೋಡಿಕೊಳ್ಳುವ ವ್ಯವಸ್ಥೆ, ಒಡ್ಡಿನ ಹೊಣೆ ಹೊರುತ್ತಿತ್ತು. ಆಮೇಲೆ ಅದೇ ಪೋರ್ಚುಗೀಸರ ಕಾಲದ ಕೊಮುನಿದಾದ್ ಆಯಿತು. ಪೋರ್ಚುಗೀಸರಿಂದ ಗೋವಾ ವಿಮೋಚನೆಯಾದ ನಂತರ 1964ರಲ್ಲಿ ಗೇಣಿ ಕಾನೂನು ಬಂತು. ಉಳುವವನಿಗೆ ಹಕ್ಕು ಸಿಕ್ಕಿತು. ಅದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಒಡ್ಡು ಕಾಯುವ ಹೊಣೆಯನ್ನು ಗೇಣಿದಾರರ ಸಂಘಗಳು ಹೊರಬೇಕಾಯಿತು. ಕೆಲವು ಊರಿನಲ್ಲಿ ಅವು ಚೆನ್ನಾಗಿ ನಡೆದವು, ಕೆಲವು ಕಡೆ ಹೆಸರಿಗೆ ಮಾತ್ರ ಉಳಿದವು.

ತೂಬಿನಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಾರೆ. ಆ ದುಡ್ಡು ಒಡ್ಡಿನ ರಿಪೇರಿಗೆ ಅಂತ ಮೂಲ ಯೋಚನೆ. ಮೀನಿಗೆ ಬೆಲೆ ಜಾಸ್ತಿ ಆದಂತೆ ಬಾಗಿಲು ಭತ್ತದ ಮಾತು ಕೇಳುವುದನ್ನು ಬಿಟ್ಟು ಮೀನಿನ ಮಾತು ಕೇಳತೊಡಗಿತು. ಉಪ್ಪು ನೀರು ಬೇಕಾದ್ದಕ್ಕಿಂತ ಹೆಚ್ಚು ದಿನ ಒಳಗೇ ನಿಂತಿತು. ಎರಡು ವರ್ಷ ಹಾಗಾದರೆ ಸಾಕು, ಬಿತ್ತುವವರು ಕೈಬಿಡುತ್ತಾರೆ. ಒಡೆದ ಒಡ್ಡಿನ ಒಳಗೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ ಬೆಳೆಯುತ್ತದೆ. ಕಾಂಡ್ಲಾ ಕಾಡು ಒಡ್ಡಿನ ಹೊರಗಿದ್ದರೆ ಅದೇ ರಕ್ಷಣೆ, ಅಲೆಯ ಹೊಡೆತ ತಡೆಯುತ್ತದೆ. ಗದ್ದೆಯೊಳಗೆ ಬಂದರೆ ಕಡಿಯಲು ಕಾನೂನು ಬಿಡುವುದಿಲ್ಲ. ಆ ಗದ್ದೆ ಮತ್ತೆ ಗದ್ದೆ ಆಗುವುದು ಕಷ್ಟ.

ನಮ್ಮ ಕುಮಟಾ ಕಡೆಯೂ ಇದೇ ಆಯಿತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಬಂತು. ಗಜನಿಗಳನ್ನು ಸಿಗಡಿ ಕೆರೆ ಮಾಡಿದರು. ರೋಗ ಬಂದು ಸಿಗಡಿ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಅಂಥ ಸಿಗಡಿ ಸಾಕಣೆಗೆ ತಡೆ ಹಾಕಿತು. ಅಷ್ಟರಲ್ಲಿ ಎಷ್ಟೋ ಮನೆಯಲ್ಲಿ ಕಗ್ಗದ ಬೀಜವೇ ಮುಗಿದಿತ್ತು. ಮಾಣಿಕಟ್ಟೆಯ ರೈತರು ಒಟ್ಟಾಗಿ ಕಗ್ಗ ಬೆಳೆಯುವುದನ್ನು ಬಿಡದೆ ಇಟ್ಟುಕೊಂಡರು. ಅವರಿಗೆ ಕೈ ಮುಗಿಯುತ್ತೇನೆ.

ರೈತರ ಬಳಿ ಹೋಗುವ ಕೆಲಸದ ಬಗ್ಗೆ ಈಗ ಸ್ವಲ್ಪ. ಸಭಾಂಗಣದಲ್ಲಿ ಪರದೆ ಹಾಕಿ ತೋರಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಮೀಟರನ್ನು ರೈತರ ಕೈಗೇ ಕೊಟ್ಟು, ಇಳಿತದ ಹೊತ್ತಿನಲ್ಲಿ ಒಮ್ಮೆ, ಉಬ್ಬರದ ಹೊತ್ತಿನಲ್ಲಿ ಒಮ್ಮೆ ಅವರದೇ ಗದ್ದೆಯ ನೀರು ಅಳೆಯಲು ಹೇಳಿ. ಮಾತು ತಾನಾಗಿಯೇ ಶುರುವಾಗುತ್ತದೆ. ಬೀಜ ಆರಿಸಲು ಮೊಟ್ಟೆಯ ಪರೀಕ್ಷೆ ತೋರಿಸಿ. ನೀರಿಗೆ ಕೋಳಿ ಮೊಟ್ಟೆ ತೇಲುವಷ್ಟು ಉಪ್ಪು ಹಾಕಬೇಕು. ಅದರಲ್ಲಿ ಭತ್ತ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕಾಳು ತಳಕ್ಕೆ ಹೋಗುತ್ತದೆ. ತಳದ್ದನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಬಿತ್ತನೆಗೆ ಇಡಿ. 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ, ಎಷ್ಟು ಮೊಳೆಯಿತು ನೋಡಿ. 80ಕ್ಕಿಂತ ಕಡಿಮೆ ಬಂದರೆ ಬೀಜ ಜಾಸ್ತಿ ಹಾಕಬೇಕು ಅಂತ ಅರ್ಥ. ಕೂಡಿಡಲು ನಮ್ಮ ಕರಾವಳಿಯ ಮುಡಿ, ಅಂದರೆ ಹುಲ್ಲಿನಲ್ಲಿ ಸುತ್ತಿ ಬಿಗಿದ ಕಟ್ಟು, ಒಳಗೆ ಒಣಗಿದ ಲಕ್ಕಿ ಸೊಪ್ಪು. ಇದನ್ನು ಗೋವಾದ ಒಂದು ವಾಡೆಯಲ್ಲಿ ತೋರಿಸಿದಾಗ ಮುದುಕರೊಬ್ಬರು ಎದ್ದು ಹೋಗಿ ತಮ್ಮ ಅಟ್ಟದಿಂದ ಅಂಥದೇ ಕಟ್ಟು ತಂದು ಮುಂದಿಟ್ಟರು. ಆ ದಿನ ನಾನು ಹೇಳಿದ್ದಕ್ಕಿಂತ ಕೇಳಿದ್ದೇ ಜಾಸ್ತಿ.

ಪ್ರಮಾಣಪತ್ರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗಿನ ಸಂಸ್ಥೆ ಬಂದು ಒಬ್ಬೊಬ್ಬರ ಜಮೀನು ನೋಡಿ ಕೊಡುವ ಪತ್ರ ಸಣ್ಣ ರೈತರಿಗೆ ದುಬಾರಿ. ಅದಕ್ಕೇ 2011ರಿಂದ ಪಿಜಿಎಸ್ ಇಂಡಿಯಾ ಪದ್ಧತಿ ಇದೆ. ಕನಿಷ್ಠ 5 ರೈತರು ಗುಂಪು ಮಾಡಿಕೊಂಡು ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿ ಭರವಸೆ ಕೊಡುವುದು. ಖಾಜನ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಒಬ್ಬನೇ ಸಾವಯವ ಆಗಲು ಸಾಧ್ಯವೇ ಇಲ್ಲ, ನೀರು ಎಲ್ಲರ ಗದ್ದೆ ಸುತ್ತಿ ಒಂದೇ ತೂಬಿಗೆ ಬರುತ್ತದೆ. ಇನ್ನೊಂದು ಗೊತ್ತಿರಲಿ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾನೂನಿನಲ್ಲಿ ರೈತ ತನ್ನ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು. ರೈತರ ತಳಿ ಅಂತ ನೋಂದಾಯಿಸಲೂಬಹುದು.

ಒಬ್ಬ ತಂಗಿ ಕೇಳಿದರು: "ಸರ್, ನಾವು ವಾಸ್ಕೋದಲ್ಲಿ ಫ್ಲಾಟ್‌ನಲ್ಲಿ ಇರುವವರು. ನಮಗೂ ಇದಕ್ಕೂ ಏನು?"

ತಿನ್ನಿ ಅಮ್ಮಾ, ಅದು ಮೊದಲನೆಯದು. ಕೊರ್ಗುಟ್ಟಿನ ಕುಚ್ಚಲಕ್ಕಿ ಸಿಕ್ಕಿದಾಗ ರೇಟ್ ನೋಡಿ ಹಿಂದೆ ಸರಿಯಬೇಡಿ. ರಾತ್ರಿ ನೆನೆಸಿಡಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಬೇಯಿಸಿ. ಗಂಜಿಗೆ ಅದರ ಹಾಗೆ ಇನ್ನೊಂದಿಲ್ಲ. ಎರಡನೆಯದು, ಇಲ್ಲಿನ ಮಿಠಾಗರಗಳಲ್ಲಿ ಉಪ್ಪು ಎಳೆಯುವವರು, ಒಡ್ಡಿಗೆ ಮಣ್ಣು ಹೊರುವವರು ಬಹಳ ಮಂದಿ ನಮ್ಮ ಕಡೆಯ ಕೂಲಿಯವರು. ಕನ್ನಡ ಮಾತಾಡುವವರು. ರೈತರ ತರಬೇತಿಗೆ ಅವರನ್ನು ಯಾರೂ ಕರೆಯುವುದಿಲ್ಲ, ಆದರೆ ಒಡ್ಡು ಅವರ ಕೈಯಲ್ಲಿದೆ. ನೀವು ಓದಿದವರು. ತಿಂಗಳಿಗೊಂದು ಭಾನುವಾರ ಬಂದು ತರಬೇತಿಯ ಮಾಹಿತಿಯನ್ನು ಅವರಿಗೆ ಕನ್ನಡದಲ್ಲಿ ಹೇಳಿದರೆ ದೊಡ್ಡ ಸಹಾಯ.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಅವರ ದೊಡ್ಡಪ್ಪನ ಗಜನಿ ಕುಮಟಾ ಹತ್ತಿರ ಹನ್ನೆರಡು ವರ್ಷದಿಂದ ಹಡಿಲು ಬಿದ್ದಿದೆಯಂತೆ. "ಈ ಬಟ್ಟಲಿನ ಕಗ್ಗ ಕೊಡಿ ಅಣ್ಣ, ಈ ಸಲ ಬಿತ್ತಿಸುತ್ತೇನೆ" ಅಂದರು.

ನನಗೆ ಆದ ಸಂತೋಷ ಹೇಳಲಾರೆ. ಆದರೂ ತಕ್ಷಣ ಕೊಡಲಿಲ್ಲ. ನಿಮ್ಮದೊಂದೇ ಗದ್ದೆ ಹಸಿರಾದರೆ ಸುತ್ತಿನ ಹಕ್ಕಿ ಎಲ್ಲ ಅಲ್ಲೇ ಇಳಿಯುತ್ತವೆ ತಮ್ಮಾ. ಅಕ್ಕಪಕ್ಕದ ನಾಲ್ಕು ಮನೆ ಸೇರಬೇಕು. ತೂಬಿನ ಬಾಗಿಲು ಯಾರ ಕೈಯಲ್ಲಿದೆ, ಮೀನಿನ ಹರಾಜು ಯಾವ ತಿಂಗಳ ತನಕ, ಇದು ಮೊದಲು ಇತ್ಯರ್ಥ ಆಗಬೇಕು. ಒಡ್ಡಿನಲ್ಲಿ ಏಡಿ ತೂತು ಎಷ್ಟಿವೆ ನೋಡಬೇಕು. ನೆಲ ಏಪ್ರಿಲ್‌ನಲ್ಲಿ ಒಣಗಬೇಕು ಅಂದರೆ ಮಾರ್ಚ್‌ಗೆ ಮುಂಚೆ ಇದೆಲ್ಲ ಮುಗಿಯಬೇಕು. ದೊಡ್ಡಪ್ಪನಿಗೆ ಇವತ್ತೇ ಫೋನ್ ಮಾಡಿ. ಅವರು ಇರುವ ದಿನ ನೋಡಿಕೊಂಡು ಹೇಳಿ, ಇಳಿತದ ಹೊತ್ತಿಗೆ ಇಬ್ಬರೂ ಹೋಗಿ ಒಡ್ಡಿನ ಮೇಲೆ ನಡೆದು ಬರೋಣ. ಬೀಜ ನಾನೇ ತರುತ್ತೇನೆ.